ಬಾಯ್ಕಾಟ್ ಅನ್ನೋದು ಒಬ್ಬ ಮನುಷ್ಯನ ಹೆಸರು!

ಬಾಯ್ಕಾಟ್ ಅಂದ್ರೆ ಬಹಿಷ್ಕಾರ, ಅದು ಎಲ್ಲರಿಗೂ ಗೊತ್ತು. ಈ ಪದ ಹುಟ್ಟಿದ್ದು ಮಾತ್ರ ಚಾರ್ಲ್ಸ್ ಬಾಯ್ಕಾಟ್ ಅನ್ನೋ ವ್ಯಕ್ತಿಯಿಂದ. ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಆತ ಜಮೀನ್ದಾರರೊಬ್ಬರ ಏಜೆಂಟ್.

1880. ಸೋತು ಸುಣ್ಣವಾಗಿದ್ದ ರೈತರು ಗೇಣಿ ಇಳಿಸಿ ಅಂತ ಕೇಳಿದ್ರು. ಈತ ಒಕ್ಕಲೆಬ್ಬಿಸೋ ನೋಟಿಸ್ ಕಳಿಸಿದ!

ಊರೇ ಅವನ ಜೊತೆ ವ್ಯವಹಾರ ಬಿಟ್ಟಿತು. ಕೆಲಸಕ್ಕೆ ಆಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ, ಟಪಾಲು ತಲುಪಿಸೋಕೂ ಜನ ಇರಲಿಲ್ಲ. ಎಂಥಾ ಒಗ್ಗಟ್ಟು ನೋಡಿ! ಕೊನೆಗೆ ಬೆಳೆ ತೆಗೆಯೋಕೆ ಹೊರಗಿಂದ 50 ಜನ ಬಂದ್ರು, ಅವರ ಕಾವಲಿಗೆ ನೂರಾರು ಸೈನಿಕರು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚೇ ಎಷ್ಟೋ ಪಟ್ಟು ಜಾಸ್ತಿಯಾಯ್ತು.

ಡಿಸೆಂಬರಿನಲ್ಲಿ ಬಾಯ್ಕಾಟ್ ಐರ್ಲೆಂಡ್ ಬಿಟ್ಟು ಹೊರಟ. ಅಷ್ಟರಲ್ಲಾಗಲೇ ಪತ್ರಿಕೆಗಳು ಅವನ ಹೆಸರನ್ನ ಕ್ರಿಯಾಪದವಾಗಿ ಬಳಸ್ತಿದ್ದವು.