ಕಾಲಪಕ್ವವಾದ ಬಾರ್ಲಿ ವೈನ್

ಬಿಯರ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ತೋರುವುದು ಬೇಸಗೆಯ ಬಾಯಾರಿಕೆಯನ್ನು ತಣಿಸುವ, ನೊರೆ ತುಂಬಿದ, ಹೊಂಬಣ್ಣದ ಲಘುಪಾನೀಯವೇ ಆಗಿದ್ದರೂ, ಅದೇ ಬಾರ್ಲಿ, ಅದೇ ನೀರು, ಅದೇ ಹಾಪ್ಸ್ ಹೂವು, ಅದೇ ಯೀಸ್ಟುಗಳಿಂದ ಹುಟ್ಟಿಯೂ, ಬಾಯಾರಿದವನು ಮುಟ್ಟಬಾರದ, ಚಳಿಗಾಲದ ಇರುಳಿನಲ್ಲಿ ಗ್ಲಾಸನ್ನು ಅಂಗೈಯ ಬಿಸುಪಿಗೆ ಒಡ್ಡಿ ಗುಟುಕು ಗುಟುಕಾಗಿ ಸವಿಯಬೇಕಾದ ಇನ್ನೊಂದು ಪಾನವು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಅದೇ ಬಾರ್ಲಿ ವೈನ್. ದ್ರಾಕ್ಷಿಯ ಸೋಂಕು ಅದಕ್ಕೆ ಲವಲೇಶವೂ ಇಲ್ಲ. ಮದ್ಯಸಾರದ ಪ್ರಮಾಣವು ಮಾತ್ರ, ಸಾಮಾನ್ಯ ಬಿಯರಿನ ಶೇಕಡಾ 4 ಅಥವಾ 5ನ್ನು ಬಹುದೂರ ಹಿಂದಿಕ್ಕಿ, 8ರಿಂದ 12ರವರೆಗೆ ಏರಿ ದ್ರಾಕ್ಷಾಮದ್ಯಕ್ಕೆ ಸಮಾನವಾಗಿ ನಿಲ್ಲುತ್ತದೆ. ಆದರೆ ಬರಿಯ ಬಲದಿಂದಲೇ ಇದನ್ನು ಅಳೆಯುವವರು ಇದರ ಮರ್ಮವನ್ನು ಅರಿಯಲಾರರು. ಇದರಲ್ಲಿ ಬೆರೆತಿರುವ ದ್ರವ್ಯಗಳೆಲ್ಲಕ್ಕಿಂತ ಮುಖ್ಯವಾದದ್ದು ಕಾಲವೆಂದು ನನ್ನ ದೃಢವಾದ ನಂಬಿಕೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಎಂದರೆ ಮಾಲ್ಟನ್ನು, ನುಗ್ಗುನುಗ್ಗಾಗಿ ಒಡೆದು ಬಿಸಿನೀರಿನಲ್ಲಿ ನೆನೆಯಿಟ್ಟಾಗ ಬಸಿದುಬರುವ ಮೊದಲ ರಸವೇ ಅತ್ಯಂತ ಸಾಂದ್ರವೂ ಮಧುರವೂ ಆದುದು. ಹಿಂದಿನ ಕಾಲದ ಆಂಗ್ಲ ತಯಾರಕರು ಅದೇ ಕಾಳಿನ ಮೇಲೆ ಮತ್ತೆ ಮತ್ತೆ ನೀರೆರೆದು ಎರಡನೆಯ, ಮೂರನೆಯ ರಸಗಳಿಂದ ದಿನಬಳಕೆಯ ತೆಳು ಬಿಯರನ್ನು ಮಾಡಿಕೊಂಡು, ಮೊದಲ ರಸವನ್ನು ಮಾತ್ರ ಈ ಶ್ರೇಷ್ಠ ಪಾನಕ್ಕಾಗಿ ಮೀಸಲಿಡುತ್ತಿದ್ದರು. ಅನಂತರ ಅದನ್ನು ಕುದಿಸತಕ್ಕದ್ದು. ಸಾಮಾನ್ಯ ಬಿಯರಿಗೆ ಒಂದು ಒಂದೂವರೆ ಗಂಟೆ ಸಾಲುವಲ್ಲಿ ಇದಕ್ಕೆ ಅದರ ಎರಡರಷ್ಟು, ಮೂರರಷ್ಟು ಹೊತ್ತು ಬೇಕಾಗುತ್ತದೆ. ಇನ್ನೂ ಹೆಚ್ಚು ಕುದಿಸಿದವರೂ ಉಂಟು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬತ್ತುತ್ತ, ಬಣ್ಣವೇರುತ್ತ, ಗಳಿಗೆಗೊಂದು ಪರಿಮಳವನ್ನು ತಾಳುವುದನ್ನು ಕಂಡಿರುವ ನಮ್ಮ ನಾಡಿನವರಿಗೆ ಈ ಕುದಿತದಲ್ಲಿ ಆಗುವ ಮಾರ್ಪಾಟನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೀರಿನ ಸಾಂದ್ರತೆಯನ್ನು 1000 ಎಂದಿಟ್ಟುಕೊಂಡರೆ ಸಾಧಾರಣ ಬಿಯರಿನ ರಸವು 1040ರಿಂದ 1050ರಷ್ಟಿದ್ದು, ಬಾರ್ಲಿ ವೈನಿನ ರಸವು 1090ನ್ನೋ ಒಮ್ಮೊಮ್ಮೆ 1120ನ್ನೋ ಮುಟ್ಟುತ್ತದೆ. ಇಷ್ಟು ದಟ್ಟವಾದ ಸಿಹಿಯಲ್ಲಿ ಹುದುಗನ್ನೆಬ್ಬಿಸುವುದು ಯೀಸ್ಟಿಗೆ ಕಡುಕಷ್ಟದ ಕಾರ್ಯ. ತಾನೇ ಹುಟ್ಟಿಸಿದ ಮದ್ಯಸಾರವು ಕೊನೆಗೆ ಅದನ್ನೇ ನಿಶ್ಚೇಷ್ಟಗೊಳಿಸುವುದರಿಂದ, ಬಲ್ಲ ತಯಾರಕನು ಆರಂಭದಲ್ಲಿಯೇ ಯೀಸ್ಟನ್ನು ಧಾರಾಳವಾಗಿ ಹಾಕಿ, ರಸಕ್ಕೆ ಆಮ್ಲಜನಕವನ್ನು ಚೆನ್ನಾಗಿ ಊಡಿಸಿ, ಹುದುಗು ಕಾವೇರದಂತೆ ಹಗಲಿರುಳೂ ಕಾಯುತ್ತಾನೆ. ಈ ಕಾವಲಿನಲ್ಲಿ ಉದಾಸೀನನಾದವನ ಪಾನವು ಗಂಟಲನ್ನು ಸುಡುತ್ತದೆ.

ಈ ವಿದ್ಯೆಯ ತವರು ಸ್ಟಾಫರ್ಡ್‌ಷೈರಿನಲ್ಲಿ ಟ್ರೆಂಟ್ ನದಿಯ ದಡದ ಮೇಲಿರುವ ಬರ್ಟನ್ ಪಟ್ಟಣ. ಜಿಪ್ಸಮ್ಮಿನ ಅಂಶವನ್ನು ಹೀರಿಕೊಂಡ ಅಲ್ಲಿನ ಬಾವಿಗಳ ಗಡಸು ನೀರಿನಿಂದ ತಯಾರಾದ, ಏಲ್ ಎಂಬ ಬಗೆಯ ಪ್ರಬಲ ಬಿಯರು, 18ನೆಯ ಶತಮಾನದಲ್ಲಿ ಬಾಲ್ಟಿಕ್ ಸಮುದ್ರವನ್ನು ದಾಟಿ ರಷ್ಯಾದ ಶ್ರೀಮಂತರ ಮನೆಗಳನ್ನು ಸೇರುತ್ತಿದ್ದಿತು. ಆ ವ್ಯಾಪಾರವು ಕುಸಿದ ಮೇಲೆ ಅದೇ ಊರಿನವರು 1820ರ ದಶಕದಲ್ಲಿ ಭಾರತದ ಬಂದರುಗಳಿಗೆ ಪೇಲ್ ಏಲನ್ನು ಹಡಗೇರಿಸತೊಡಗಿದರು. 1777ರಲ್ಲಿ ವಿಲಿಯಂ ಬಾಸ್ ಅಲ್ಲಿ ಸ್ಥಾಪಿಸಿದ ಬ್ರೂವರಿಯು ತನ್ನ ಅತ್ಯಂತ ಬಲಶಾಲಿಯಾದ ‘ನಂಬರ್ 1’ ಏಲನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಾರ್ಲಿ ವೈನ್ ಎಂದು ಕರೆದು ಮಾರಿದ ಬಳಿಕ ಆ ಹೆಸರು ಜನಜನಿತವಾಯಿತು. ಬಹುಕಾಲ ಅದನ್ನು ಪೈಂಟಿನ ಮೂರನೆಯ ಒಂದು ಪಾಲು, ಎಂದರೆ ಸುಮಾರು 190 ಮಿಲಿಲೀಟರ್ ಹಿಡಿಯುವ, ‘ನಿಪ್’ ಎಂಬ ಪುಟ್ಟ ಬಾಟಲಿಗಳಲ್ಲಿ ಮಾರುತ್ತಿದ್ದರು. ಒಬ್ಬನಿಗೆ ಅಷ್ಟು ಸಾಕೆಂಬ ವಿವೇಕ ಅದರಲ್ಲಿದ್ದಿತು.

ಅಮೆರಿಕದಲ್ಲಿ ಇದಕ್ಕೆ ಬೇರೆಯೇ ಒಂದು ಜನ್ಮ ದೊರೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವರಿಯನ್ನು ಅಳಿವಿನಂಚಿನಿಂದ ಉಳಿಸಿದ ಫ್ರಿಟ್ಸ್ ಮೇಟ್ಯಾಗ್, 1975ರಲ್ಲಿ ‘ಓಲ್ಡ್ ಫಾಗ್‌ಹಾರ್ನ್’ ಎಂಬ ಬಾರ್ಲಿ ವೈನನ್ನು ತಯಾರಿಸಿ ಅಲ್ಲಿನ ಕ್ರಾಫ್ಟ್ ಬಿಯರಿನವರಿಗೆ ದಾರಿ ತೋರಿದನು. 1983ರಲ್ಲಿ ಸಿಯೆರಾ ನೆವಾಡಾ ಎಂಬ ಬ್ರೂವರಿಯ ‘ಬಿಗ್‌ಫುಟ್’ ಹೊರಬಂದಿತು. ಆಂಗ್ಲರದು ಮಾಲ್ಟಿನ ಮಾಧುರ್ಯವನ್ನು ಮುಂದಿಟ್ಟು ಕಹಿಯನ್ನು ಹಿಂದಿರಿಸುವ ಕ್ರಮವಾದರೆ, ಅಮೆರಿಕದವರು ಕಿತ್ತಳೆಯ ಸಿಪ್ಪೆಯನ್ನೂ ಪೈನ್ ಮರದ ಅಂಟನ್ನೂ ನೆನಪಿಗೆ ತರುವ ತಮ್ಮ ಹಾಪ್ಸನ್ನು ಹೇರಳವಾಗಿ ಸುರಿದು ಕಹಿಯನ್ನೇ ಸಿಂಹಾಸನಕ್ಕೇರಿಸಿದರು. ನನಗೆ ಪ್ರಿಯವಾದುದು ಆಂಗ್ಲರ ಕ್ರಮವೇ ಆದರೂ, ಆ್ಯಂಕರಿನಂಥ ಮನೆಯು 2023ರಲ್ಲಿ ಬಾಗಿಲು ಮುಚ್ಚಿದ ವಾರ್ತೆಯನ್ನು ಓದಿ ಮನಸ್ಸು ಮರುಗಿತು.

ಇನ್ನು ಕಾಲದ ವಿಚಾರ. ಆಂಗ್ಲ ಸಾಹಿತಿ ಥಾಮಸ್ ಹಾರ್ಡಿಯು ‘ದಿ ಟ್ರಂಪೆಟ್ ಮೇಜರ್’ ಕಾದಂಬರಿಯಲ್ಲಿ ಡಾರ್ಚೆಸ್ಟರಿನ ಬಲವಾದ ಬಿಯರನ್ನು ಮನಸಾರೆ ಹೊಗಳಿದ್ದಾನೆ. ಅವನು ಗತಿಸಿ 40 ವರ್ಷ ತುಂಬಿದ 1968ರಲ್ಲಿ ಆ ಊರಿನ ಎಲ್ಡ್ರಿಡ್ಜ್ ಪೋಪ್ ಎಂಬ ಸಂಸ್ಥೆಯವರು ಆ ವರ್ಣನೆಗೆ ಒಪ್ಪುವಂತೆ ‘ಥಾಮಸ್ ಹಾರ್ಡೀಸ್ ಏಲ್’ ಎಂಬುದನ್ನು ತಯಾರಿಸಿ, ಪ್ರತಿಯೊಂದು ಬಾಟಲಿಯ ಮೇಲೂ ವರ್ಷವನ್ನು ನಮೂದಿಸಿ, 25 ವರ್ಷಗಳವರೆಗೆ ಇಡಬಹುದೆಂದು ಸಾರಿದರು. ಇದು ಬರಿಯ ಹೆಮ್ಮೆಯ ಮಾತಲ್ಲ. 1869ರಲ್ಲಿ ಬರ್ಟನ್ನಿನಲ್ಲಿ ತಯಾರಾದ ‘ರ‍್ಯಾಟ್‌ಕ್ಲಿಫ್ ಏಲ್’ ಬಾಟಲಿಗಳು 2006ರಲ್ಲಿ ಅಲ್ಲಿಯ ನೆಲಮಾಳಿಗೆಯಲ್ಲಿ ದೊರೆತಾಗ, ಅವನ್ನು ತೆರೆದು ಸವಿದವರಿಗೆ ಪಾನವು ಇನ್ನೂ ಕೆಡದೆ ಉಳಿದಿದ್ದುದು ತಿಳಿದುಬಂದಿತು. ವರ್ಷಗಳು ಉರುಳಿದಂತೆ ಹಾಪ್ಸಿನ ಕಹಿ ಇಳಿಯುತ್ತದೆ. ಬಿರಡೆಯ ಸಂದಿನಿಂದ ನುಸುಳುವ ಅಣುಮಾತ್ರದ ಗಾಳಿಯ ಸಂಸರ್ಗದಿಂದ ಶೆರ್ರಿಯನ್ನು ಹೋಲುವ ಪರಿಮಳವು ಮೂಡುತ್ತದೆ. ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದ ಹಳೆಯ ಆಂಗ್ಲ ಬಿಯರುಗಳಿಗೆ ಇನ್ನೊಂದು ಸಹಾಯವೂ ಇದ್ದಿತು: ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಕ್ಲೌಸೆನ್ 1904ರಲ್ಲಿ ಲೋಕಕ್ಕೆ ಅರುಹಿದ ಬ್ರೆಟ್ಟನೊಮೈಸೀಸ್ ಎಂಬ ಕಾಡು ಯೀಸ್ಟು, ಸಾಧಾರಣ ಯೀಸ್ಟು ಸೋತು ಕೈಬಿಟ್ಟ ಸಕ್ಕರೆಯನ್ನು ಮೆಲ್ಲಮೆಲ್ಲನೆ ಅರಗಿಸಿ ಅವುಗಳಿಗೆ ವಿಶಿಷ್ಟವಾದ ಕಂಪನ್ನು ಕೊಡುತ್ತಿದ್ದಿತು.

ಸವಿಯುವ ಕ್ರಮವು ಇದಕ್ಕೆ ಅನುಗುಣವಾಗಿಯೇ ಇರಬೇಕು. ಐಸಿನ ಪೆಟ್ಟಿಗೆಯಿಂದ ತೆಗೆದೊಡನೆ ಕುಡಿಯುವುದು ಇದಕ್ಕೆ ಮಾಡುವ ಮಹದಪಚಾರ. ಹನ್ನೆರಡು ಹದಿನಾಲ್ಕು ಡಿಗ್ರಿಗೆ ಏರುವವರೆಗೆ ಕಾಯತಕ್ಕದ್ದು. ಬಾಯಿ ಕಿರಿದಾಗಿ ಒಡಲು ದುಂಡಾದ ಗ್ಲಾಸಿನಲ್ಲಿ ಅರ್ಧಕ್ಕೂ ಕಡಿಮೆ ಸುರಿದು, ಮೊದಲು ಬೆಳಕಿಗೆ ಹಿಡಿದು ತಾಮ್ರವರ್ಣದಿಂದ ಕಡುಗೆಂಪಿನವರೆಗಿನ ಅದರ ಛಾಯೆಯನ್ನು ನೋಡಿ, ಬಳಿಕ ಆಘ್ರಾಣಿಸಿದರೆ ಟಾಫಿ, ಒಣದ್ರಾಕ್ಷಿ, ಅಂಜೂರ, ಖರ್ಜೂರಗಳ ಪರಿಮಳವು ಒಂದರ ಹಿಂದೊಂದಾಗಿ ಎದ್ದುಬರುತ್ತದೆ. ಗುಟುಕು ಕಿರಿದಾಗಿರಲಿ. ಅದು ನಾಲಗೆಯ ಮೇಲೆ ಹರಡಿ, ಸಿಹಿಯು ಹಿಂಜರಿದು ಕಹಿಯು ತಲೆದೋರಿ, ಕಡೆಗೆ ಎದೆಯಲ್ಲಿ ಬೆಚ್ಚನೆಯ ಭಾವವು ಹರಡುವವರೆಗೆ ಎರಡನೆಯ ಗುಟುಕಿಗೆ ಅವಸರಪಡಕೂಡದು. ಬೆಚ್ಚಗಾಗುವುದು ಗುಣ, ಸುಡುವುದು ದೋಷ. ಒದ್ದೆ ಕಾಗದದ ವಾಸನೆ ಬಂದರೆ ಆ ಬಾಟಲಿ ಕೆಟ್ಟಿತೆಂದೇ ತಿಳಿಯಬೇಕು. ಜೊತೆಗೆ ಸ್ಟಿಲ್ಟನ್ನಿನಂಥ ಉಪ್ಪುಪ್ಪಾದ ನೀಲಿ ಚೀಸಿನ ಒಂದು ಚೂರಿದ್ದರೆ ಪಾನದ ಸಿಹಿಯು ಇಮ್ಮಡಿಸುತ್ತದೆ. ಒಂದೇ ಮನೆಯ ಬೇರೆ ಬೇರೆ ವರ್ಷಗಳ ಬಾಟಲಿಗಳನ್ನು ಒಟ್ಟಿಗೆ ಪರೀಕ್ಷಿಸುವವರು, ಆಂಗ್ಲ ಕ್ರಮದ ಬಾರ್ಲಿ ವೈನಾದರೆ ಎಳೆಯದರಿಂದ ಹೊರಟು ಹಳೆಯದರ ಕಡೆಗೆ ಸಾಗುವುದು ಲೇಸು; ಅಮೆರಿಕದ್ದಾದರೆ, ಹೊಸತರ ಕಹಿಯು ನಾಲಗೆಯನ್ನು ಆಕ್ರಮಿಸಿ ಹಳೆಯದರ ಸೂಕ್ಷ್ಮಗಳನ್ನು ನುಂಗಿಹಾಕುವುದರಿಂದ, ಹಳೆಯದನ್ನೇ ಮೊದಲು ತೆರೆಯತಕ್ಕದ್ದು.