‘ವಿತೌಟ್ ಡಿಮರ್’: ಬ್ಯಾಂಕ್ ಗ್ಯಾರಂಟಿಯಲ್ಲಿ ಒಂದು ಪದದ ಬೆಲೆ

ಸರ್ಕಾರಿ ಇಲಾಖೆಗಳಿಗೆ, ನಿಗಮಗಳಿಗೆ ಹಾಗೂ ದೊಡ್ಡ ಕಾರ್ಖಾನೆಗಳಿಗೆ ಸರಕು ಪೂರೈಸುವ ಸದಸ್ಯರಿಗೆ ಬ್ಯಾಂಕ್ ಗ್ಯಾರಂಟಿ ಹೊಸದಲ್ಲ. ಟೆಂಡರಿನೊಡನೆ ಬರುವ ಅದರ ನಮೂನೆಯಲ್ಲಿ ‘ವಿತೌಟ್ ಎನಿ ಡಿಮರ್’ ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊತ್ತ ಮತ್ತು ಅವಧಿಯನ್ನಷ್ಟೇ ನೋಡಿ ಒಪ್ಪಿಗೆ ಕೊಡುವವರೇ ಹೆಚ್ಚು. ಆದರೆ ವಿವಾದ ಉಂಟಾದಾಗ, ಅದು ಇತ್ಯರ್ಥವಾಗುವವರೆಗೆ ಹಣ ಯಾರ ಕೈಯಲ್ಲಿರಬೇಕು ಎಂಬುದು ಬಹುಮಟ್ಟಿಗೆ ಈ ಮಾತನ್ನೇ ಅವಲಂಬಿಸಿದೆ.

ಪದದ ಅರ್ಥ

ತಡಮಾಡು, ತಂಗು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹಳೆಯ ಫ್ರೆಂಚ್ ಮೂಲಕ ‘ಡಿಮರ್’ ಇಂಗ್ಲಿಷಿಗೆ ಬಂದಿತು. ರೈಲ್ವೆ ವ್ಯಾಗನ್ನನ್ನು ನಿಗದಿತ ವೇಳೆಯೊಳಗೆ ತೆರವು ಮಾಡದಿದ್ದರೆ ನಾವು ತೆರುವ ‘ಡೆಮರೇಜ್’ ಸಹ ಇದೇ ಕುಲದ ಪದ. ಇಂದಿನ ಬಳಕೆಯಲ್ಲಿ ಡಿಮರ್ ಎಂದರೆ ಹಿಂಜರಿಕೆಯೊಡನೆ ಎತ್ತುವ ಸೌಮ್ಯವಾದ ಆಕ್ಷೇಪ. ‘ಪ್ರೊಟೆಸ್ಟ್’ ಎಂಬುದರ ಬಿರುಸು ಇದರಲ್ಲಿಲ್ಲ. ಆದಕಾರಣವೇ ‘ವಿತೌಟ್ ಡಿಮರ್’ ಎಂಬ ನಿಷೇಧ ಕಠಿಣವಾದುದು: ಅತಿ ಮೆದುವಾದ ಆಕ್ಷೇಪಕ್ಕೂ ಅಲ್ಲಿ ಎಡೆಯಿಲ್ಲ. ಚಕಾರವೆತ್ತದೆ, ಮೀನಮೇಷ ಎಣಿಸದೆ ಎಂಬ ನಮ್ಮ ಎರಡು ನುಡಿಗಟ್ಟುಗಳನ್ನು ಕೂಡಿಸಿದರೆ ಅದರ ಪೂರ್ಣಾರ್ಥ ದೊರೆಯುತ್ತದೆ.

ಯಾರ ಆಕ್ಷೇಪಕ್ಕೆ ತಡೆ?

ಇಲ್ಲಿ ಬಾಯಿ ಮುಚ್ಚಿಸಿರುವುದು ಬ್ಯಾಂಕಿನದು. ಒಬ್ಬ ಪಂಪ್‌ಸೆಟ್ ತಯಾರಕರು 20 ಲಕ್ಷ ರೂಪಾಯಿಗಳ ಆದೇಶಕ್ಕೆ 1 ಲಕ್ಷ ರೂಪಾಯಿಗಳ ಗ್ಯಾರಂಟಿ ಕೊಟ್ಟಿದ್ದಾರೆಂದು ಭಾವಿಸೋಣ. ಸರಕು ಕಳಪೆಯೆಂದು ಖರೀದಿದಾರರು ಗ್ಯಾರಂಟಿಯ ಷರತ್ತಿನಂತೆ ಬೇಡಿಕೆ ಪತ್ರ ಸಲ್ಲಿಸಿದರೆ, ಆ ದೂರು ನಿಜವೇ ಎಂದು ಬ್ಯಾಂಕು ವಿಚಾರಿಸುವಂತಿಲ್ಲ, ಹಣ ಕೊಡಬೇಕು. ಬಳಿಕ ತಯಾರಕರು ಬರೆದುಕೊಟ್ಟ ಕೌಂಟರ್ ಗ್ಯಾರಂಟಿಯ ಬಲದಿಂದ ಅವರ ಮಾರ್ಜಿನ್ ಠೇವಣಿಯಿಂದಲೋ ಖಾತೆಯಿಂದಲೋ ಅದನ್ನು ವಸೂಲು ಮಾಡಿಕೊಳ್ಳುತ್ತದೆ. ಖರೀದಿದಾರರ ಮೇಲೆ ದಾವೆ ಹೂಡುವ ಅಥವಾ ಪಂಚಾಯ್ತಿಗೆ ಹೋಗುವ ತಯಾರಕರ ಹಕ್ಕು ಉಳಿದೇ ಇರುತ್ತದೆ. ಆದರೆ ಹಣ ಮೊದಲು ಹೋಗುತ್ತದೆ, ವಾದ ಅನಂತರ ನಡೆಯುತ್ತದೆ.

ನ್ಯಾಯಾಲಯದ ನಿಲುವು

ಯು.ಪಿ. ಕೋಆಪರೇಟಿವ್ ಫೆಡರೇಷನ್ ಮತ್ತು ಸಿಂಗ್ ಕನ್ಸಲ್ಟಂಟ್ಸ್ ನಡುವಣ ಪ್ರಕರಣದಲ್ಲಿ (1987) ಸುಪ್ರೀಂ ಕೋರ್ಟ್, ಬೇಷರತ್ತಾದ ಗ್ಯಾರಂಟಿಯ ಪಾವತಿಗೆ ನ್ಯಾಯಾಲಯಗಳು ಸುಲಭವಾಗಿ ತಡೆಯಾಜ್ಞೆ ನೀಡಬಾರದೆಂದು ಹೇಳಿತು. ಘೋರ ವಂಚನೆ ಹಾಗೂ ಸರಿಪಡಿಸಲಾಗದ ಅನ್ಯಾಯ ಮಾತ್ರ ಇದಕ್ಕೆ ಅಪವಾದಗಳೆಂಬುದು ಮುಂದಿನ ತೀರ್ಪುಗಳಲ್ಲಿ ನೆಲೆಗೊಂಡಿದೆ. ‘ಮಾಲು ಸರಿಯಾಗಿಯೇ ಇತ್ತು’ ಎಂಬ ವಾದ ಇವೆರಡರಲ್ಲಿ ಯಾವುದಕ್ಕೂ ಸೇರದು.

ಆದರೆ ಒಂದು ಪದವನ್ನಷ್ಟೇ ನೋಡಿದರೆ ಸಾಲದು. ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಮತ್ತು ಬಿಹಾರ ಸರ್ಕಾರದ ನಡುವಣ ಪ್ರಕರಣದಲ್ಲಿ (1999) ಗ್ಯಾರಂಟಿ ಪತ್ರದಲ್ಲಿ ‘ಬೇಷರತ್ತು’ ಎಂಬ ಮಾತಿದ್ದರೂ, ಮುಂದಿನ ಸಾಲುಗಳು ಅದನ್ನು ಮೂಲ ಕರಾರಿನ ಒಂದು ಕಲಮಿಗೆ ಕಟ್ಟಿಹಾಕಿದ್ದವು. ಜೊತೆಗೆ, ಬೇಡಿಕೆ ಬರಬೇಕಾಗಿದ್ದುದು ಮುಖ್ಯ ಎಂಜಿನಿಯರರಿಂದ. ಬಂದದ್ದು ಕಾರ್ಯಪಾಲಕ ಎಂಜಿನಿಯರರಿಂದ. ಆ ಬೇಡಿಕೆ ಊರ್ಜಿತವಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು.

ಒಪ್ಪಿಗೆಗೆ ಮುನ್ನ

1. ಸರ್ಕಾರಿ ನಮೂನೆಯನ್ನು ಬದಲಿಸುವುದು ಕಷ್ಟ. ಖಾಸಗಿ ಖರೀದಿದಾರರಾದರೆ, ಯಾವ ಷರತ್ತು ಉಲ್ಲಂಘನೆಯಾಯಿತೆಂದು ನಿರ್ದಿಷ್ಟ ಅಧಿಕಾರಿ ಲಿಖಿತವಾಗಿ ತಿಳಿಸಿದ ಮೇಲೆಯೇ ಪಾವತಿ ಎಂಬ ಸಾಲನ್ನು ಸೇರಿಸಲು ಕೇಳಿರಿ.

2. ಪೂರೈಕೆ ಮುಂದುವರಿದಂತೆ ಗ್ಯಾರಂಟಿಯ ಮೊತ್ತ ಇಳಿಯುವ ಏರ್ಪಾಡನ್ನು ಕೋರಿರಿ.

3. ಡೆಲಿವರಿ ಚಲನ್, ತಪಾಸಣಾ ವರದಿ ಮತ್ತು ಪತ್ರವ್ಯವಹಾರವನ್ನು ಜೋಪಾನವಾಗಿಡಿರಿ. ಖರೀದಿದಾರರ ದೂರಿಗೆ ಕೂಡಲೇ ಲಿಖಿತ ಉತ್ತರ ಕೊಡಿರಿ.

4. ಕೆಲಸ ಮುಗಿದೊಡನೆ ಮೂಲ ಗ್ಯಾರಂಟಿ ಪತ್ರವನ್ನು ಹಿಂಪಡೆದು, ಬ್ಯಾಂಕಿಗೆ ಒಪ್ಪಿಸಿ, ಮಾರ್ಜಿನ್ ಹಣವನ್ನು ಬಿಡಿಸಿಕೊಳ್ಳಿರಿ.

ಗ್ಯಾರಂಟಿ ಜಾರಿಯಲ್ಲಿರುವವರೆಗೆ ಆ ಮೊತ್ತವು ಯಾವ ದಿನವಾದರೂ ಕೈಬಿಟ್ಟು ಹೋಗಬಹುದೆಂದು ಎಣಿಸಿಯೇ ದುಡಿಮೆ ಬಂಡವಾಳದ ಲೆಕ್ಕ ಹಾಕುವುದು ಕ್ಷೇಮ. ಬ್ಯಾಂಕು ಎತ್ತಲಾಗದ ಆಕ್ಷೇಪವನ್ನು ನಾವೇ ಎತ್ತಬೇಕು. ಅದಕ್ಕೆ ಪ್ರಶಸ್ತವಾದ ಕಾಲ ಗ್ಯಾರಂಟಿಗೆ ಒಪ್ಪಿಗೆ ಕೊಡುವ ಮುನ್ನವೇ.