ವಿಮಾನದ ಕಂಪೆನಿಯ ಬಡತನ: ನಿಜವೋ, ನೆಪವೋ?

ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇರುವ ಜಕ್ಕೂರಿನ ವಿಮಾನದ ಬಯಲನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 1997ರಲ್ಲಿ ಅಲ್ಲಿ ಹೆಲಿಕಾಪ್ಟರುಗಳ ವ್ಯಾಪಾರವನ್ನು ಆರಂಭಿಸಿದರು. ಅವರ ಏರ್ ಡೆಕ್ಕನ್ ಕಂಪೆನಿಯ ಮೊದಲನೆಯ ವಿಮಾನವು 2003ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿ ಬೆಂಗಳೂರುಗಳ ನಡುವೆ ಹಾರಿತು. ರೈಲಿನಲ್ಲಿ ಕೂರುವ ಸಾಮಾನ್ಯನೂ ಆಕಾಶವನ್ನು ಏರಬೇಕೆಂಬುದು ಅವರ ಸಂಕಲ್ಪ. ಜನರೇನೋ ಏರಿದರು, ಲಾಭ ಮಾತ್ರ ಏರಲಿಲ್ಲ. 2007ರಲ್ಲಿ ವಿಜಯ ಮಲ್ಯರ ಯು.ಬಿ. ಸಂಸ್ಥೆಯು 550 ಕೋಟಿ ರೂಪಾಯಿ ಕೊಟ್ಟು ಅದರಲ್ಲಿ ನೂರಕ್ಕೆ 26ರ ಪಾಲನ್ನು ಕೊಂಡಿತು. ಮರುವರ್ಷವೇ ಡೆಕ್ಕನ್ನೂ ಕಿಂಗ್‌ಫಿಷರೂ ಒಂದಾದುವು. 2012ರ ಅಕ್ಟೋಬರಿನಲ್ಲಿ ಆ ಕಿಂಗ್‌ಫಿಷರಿನ ಪರವಾನಗಿಯೂ ಅಮಾನತಾಗಿ, ವಿಮಾನಗಳು ನೆಲ ಹಿಡಿದುವು.

ಆಗ ಹಲವು ತಿಂಗಳಿಂದ ನೌಕರರಿಗೆ ಸಂಬಳವಿರಲಿಲ್ಲ. ಎಣ್ಣೆಯ ಬೆಲೆಯೂ ತೆರಿಗೆಯ ಭಾರವೂ ತಮ್ಮನ್ನು ಕೆಡಿಸಿದುವೆಂದು ಆಡಳಿತವರ್ಗದವರು ಹೇಳಿದರು. ಕ್ರಿಕೆಟ್ಟಿನ ತಂಡವನ್ನೂ ಮೋಟಾರು ಪಂದ್ಯದ ತಂಡವನ್ನೂ ಸಾಕುವ ಯಜಮಾನನಿಗೆ ಬಡತನವೆಲ್ಲಿಯದು, ಇದೆಲ್ಲ ಸಂಬಳ ತಪ್ಪಿಸುವ ನೆಪವೆಂದು ಜನರು ಹೇಳಿದರು. ಇವೆರಡರಲ್ಲಿ ಯಾವುದು ದಿಟವೆಂಬುದನ್ನು ನಾವು ವಿಚಾರಿಸಬೇಕಾಗಿದೆ.

ಬಡತನವು ದಿಟವೆಂಬುದರಲ್ಲಿ ನಮಗೆ ಸಂದೇಹವಿಲ್ಲ. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರು ಒಂದು ವರ್ಷವಾದರೂ ಲಾಭವನ್ನು ಕಂಡುದಿಲ್ಲ. 2011-12ನೆಯ ಒಂದೇ ವರ್ಷದ ನಷ್ಟವು 2,328 ಕೋಟಿ ರೂಪಾಯಿ. ತೆರಿಗೆಯ ಇಲಾಖೆಯವರು ಬ್ಯಾಂಕಿನ ಲೆಕ್ಕಗಳನ್ನು ತಡೆಹಿಡಿದರು. ವಿಮಾನಗಳನ್ನು ಬಾಡಿಗೆಗೆ ಕೊಟ್ಟಿದ್ದವರು ಹಿಂದಕ್ಕೆ ಒಯ್ದರು. ಬಡತನವನ್ನು ನಟಿಸುವವನು ತನ್ನ ಉಳುವ ಎತ್ತುಗಳನ್ನೇ ಬಿಟ್ಟುಕೊಡುವನೆ?

ಆದರೆ ಬಡತನವು ನಿಜವಾದ ಮಾತ್ರಕ್ಕೆ ಅದಕ್ಕೆ ಹೇಳಿದ ಕಾರಣವೂ ನಿಜವಾಗಲಾರದು. ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಪರೀಕ್ಷೆಯುಂಟು: ಹೇಳಿದ ಕಾರಣವಿದ್ದೂ ಕಾರ್ಯವು ಕಾಣದಿದ್ದರೆ, ಆ ಕಾರಣವು ತಾನೊಂದೇ ಸಾಲದು. 2006ರಲ್ಲಿ ಆರಂಭವಾದ ಇಂಡಿಗೋ ಕಂಪೆನಿಯು ಅದೇ ಆಕಾಶದಲ್ಲಿ ಹಾರಿತು, ಅದೇ ಎಣ್ಣೆಯನ್ನು ಕೊಂಡಿತು, ಅದೇ ತೆರಿಗೆಯನ್ನು ತೆತ್ತಿತು. ಆದರೂ 2011-12ರಲ್ಲಿ ಲಾಭವನ್ನೇ ತೋರಿಸಿತು. ಎಣ್ಣೆಯು ಉರಿಗೆ ತುಪ್ಪವಾದುದು ನಿಜ. ಉರಿಯು ಮನೆಯೊಳಗೇ ಇತ್ತು. ನಷ್ಟದ ಕಂಪೆನಿಯು ಇನ್ನೊಂದು ನಷ್ಟದ ಕಂಪೆನಿಯನ್ನು ಕೂಡಿಕೊಂಡು, ಅಗ್ಗದ ಪ್ರಯಾಣವನ್ನೂ ರಾಜೋಪಚಾರವನ್ನೂ ಒಂದೇ ಒಲೆಯ ಮೇಲೆ ಬೇಯಿಸಿ, ಕೊರತೆಯನ್ನು ಸಾಲದಿಂದ ತುಂಬುತ್ತ ಬಂದಿತು.

ಆ ಸಾಲಕ್ಕೆ ಒತ್ತೆಯಿಟ್ಟ ವಸ್ತುಗಳಲ್ಲಿ ಕಂಪೆನಿಯ ಹೆಸರೂ ಒಂದು. ಒಮ್ಮೆ ಆ ಹೆಸರಿಗೆ 4,000 ಕೋಟಿ ರೂಪಾಯಿಗೂ ಮಿಗಿಲಾಗಿ ಬೆಲೆ ಕಟ್ಟಿದ್ದರು. 2016ರಲ್ಲಿ ಬ್ಯಾಂಕುಗಳು ಅದನ್ನು ಸುಮಾರು 366 ಕೋಟಿಗೆ ಹರಾಜಿಗಿಟ್ಟಾಗ ಕೂಗುವವರೇ ಇಲ್ಲವಾದರು. ನಟನೆಯು ಎಲ್ಲಿತ್ತೆಂಬುದು ಇಲ್ಲಿ ತಿಳಿಯುವುದು. ಜನರು ಬಡತನವನ್ನು ಸಂದೇಹಿಸಿದರು. ಸಂದೇಹಿಸಬೇಕಾಗಿದ್ದುದು ಹಿಂದಿನ ಸಿರಿತನವನ್ನು.

ಬ್ಯಾಂಕುಗಳ ಪರವಾಗಿ ಬೆಂಗಳೂರಿನ ಸಾಲವಸೂಲಿ ನ್ಯಾಯಾಧಿಕರಣವು 2017ರಲ್ಲಿ 6,203 ಕೋಟಿಯನ್ನೂ ಬಡ್ಡಿಯನ್ನೂ ವಿಧಿಸಿತು. 14,000 ಕೋಟಿಗೂ ಮೀರಿದ ಸ್ವತ್ತು ಬ್ಯಾಂಕುಗಳಿಗೆ ಹಿಂದಿರುಗಿತೆಂದು 2024ರಲ್ಲಿ ಅರ್ಥಮಂತ್ರಿಗಳು ಲೋಕಸಭೆಗೆ ತಿಳಿಸಿದರು. ಬಲಿಷ್ಠನಾದ ಸಾಲಗಾರನು ನ್ಯಾಯಸ್ಥಾನದ ಬಾಗಿಲಲ್ಲಿ ಕಾದಿರಬಲ್ಲನು. ತಿಂಗಳ ಸಂಬಳದಿಂದ ಒಲೆ ಹೊತ್ತಿಸುವವನು ಕಾಯಲಾರನು. ಸಂಬಳದಿಂದ ಹಿಡಿದ ತೆರಿಗೆಯು ಸರ್ಕಾರಕ್ಕೆ ಸೇರದೆ ಹೋದ ಸಂಕಟವೂ ಆ ನೌಕರರ ಪಾಲಿಗೆ ಬಂದಿತು.

ಮಕ್ಕಳನ್ನು ಇಂಥ ಕಂಪೆನಿಗಳ ಕೆಲಸಕ್ಕೆ ಕಳುಹಿಸಿರುವ ಗೃಹಸ್ಥರು ಯಜಮಾನನ ಆಡಂಬರವನ್ನಾಗಲಿ ಕಣ್ಣೀರನ್ನಾಗಲಿ ಪ್ರಮಾಣವೆಂದು ಹಿಡಿಯಬೇಕಾಗಿಲ್ಲ. ಹಿಡಿದ ತೆರಿಗೆಯು ಸರ್ಕಾರಕ್ಕೆ ಸೇರಿದೆಯೆ ಎಂಬುದು 26ಎಎಸ್ ಎಂಬ ಪತ್ರದಲ್ಲಿಯೂ, ಭವಿಷ್ಯನಿಧಿಯ ಹಣವು ಕಟ್ಟಲ್ಪಟ್ಟಿದೆಯೆ ಎಂಬುದು ಅದರ ಪಾಸ್‌ಪುಸ್ತಕದಲ್ಲಿಯೂ ಕಾಣುವುದು. ಸಂಬಳವು ನಿಲ್ಲುವ ಮುಂಚೆಯೇ ಈ ಎರಡನ್ನು ಆಗಾಗ ನೋಡಿಕೊಳ್ಳುವುದು ಕ್ಷೇಮವೆಂದು ನಮ್ಮ ಅಭಿಪ್ರಾಯ.